ಸಂಬಳವಿಲ್ಲದವರ ಯಜಮಾನಿಕೆ

ಬಾಗಲಗುಂಟೆಯಲ್ಲಿ ನನ್ನ ಮಾತು ಕೇಳುವವರು ಯಾರೂ ಇಲ್ಲ. ಎಳೇ ಬೆಂಡೆಕಾಯಿ ಹಾಕಪ್ಪಾ ಎಂದರೆ ತರಕಾರಿಯವನು ಬಲಿತದ್ದನ್ನೇ ಆರಿಸಿ ಹಾಕುತ್ತಾನೆ. ಆಫೀಸಿನಲ್ಲಂತೂ ನನ್ನ ಕೈಕೆಳಗಿರುವುದು ಒಂದು ಮೌಸ್ ಮಾತ್ರ. ಇಂಥ ನಾನು ಕೆಲವು ವರ್ಷ ಒಂದು ಗುಂಪಿಗೆ ಯಜಮಾನಿಯಾಗಿದ್ದೆ ಎಂದರೆ ನೀವು ನಗಬಹುದು. ನಗಿ, ನನಗೂ ನಗು ಬರುತ್ತದೆ.

ಕನ್ನಡದಲ್ಲಿ ಟೈಪ್ ಮಾಡುವಾಗ ತಪ್ಪು ಪದದ ಕೆಳಗೆ ಕೆಂಪು ಗೆರೆ ಎಳೆಯುವ ತಂತ್ರಾಂಶ ನಮ್ಮದು. ಮುಕ್ತ ತಂತ್ರಾಂಶ, ಅಂದರೆ ಅದರ ಕೋಡನ್ನು ಯಾರು ಬೇಕಾದರೂ ನೋಡಬಹುದು, ತಿದ್ದಿ ಕಳಿಸಬಹುದು. ಕಳಿಸಿದ್ದನ್ನು ಒಪ್ಪುವುದೋ ಬಿಡುವುದೋ ನನ್ನ ಪಾಲಿನ ಕೆಲಸ. ನನ್ನನ್ನೂ ಸೇರಿಸಿ ಎಲ್ಲರೂ ಬಿಟ್ಟಿ ದುಡಿಯುವವರು. ಸಂಬಳ ಕೊಡುವವರಿಗೆ ಗದರಿಸುವ ಹಕ್ಕಾದರೂ ಇರುತ್ತದೆ. ನಮ್ಮಲ್ಲಿ ಗದರಿಸಿದರೆ ಮರುದಿನ ಮನುಷ್ಯ ಮಾಯ. ಹಾಗಾಗಿ ನನ್ನ ಬಳಿಯಿದ್ದ ಏಕೈಕ ಅಸ್ತ್ರ ‘ತುಂಬಾ ಥ್ಯಾಂಕ್ಸ್’. ಅದನ್ನು ಕಲ್ಯಾಣಮಂಟಪದ ಬಾಗಿಲಲ್ಲಿ ಪನ್ನೀರು ಚಿಮುಕಿಸುವ ಹಾಗೆ ಬಂದವರಿಗೆಲ್ಲ ಚಿಮುಕಿಸುತ್ತಿದ್ದೆ.

ಪನ್ನೀರು ಸಾಲದ ದಿನವೂ ಬಂತು. ನಮ್ಮ ಗುಂಪಿನ ಎರಡು ಕಂಬಗಳೆಂದರೆ ಯಲಹಂಕದ ಕಾಲೇಜೊಂದರಲ್ಲಿ ಕನ್ನಡ ಹೇಳಿಕೊಡುವ ವಸುಧಾ ಮೇಡಂ ಮತ್ತು ಅಬ್ಬಿಗೆರೆಯ ಮುನಿರಾಜು. ಮೇಡಂ ಕೈಯಲ್ಲಿ ಪದಕೋಶ, ಮುನಿರಾಜು ಕೈಯಲ್ಲಿ ಕೋಡು. ಮುನಿರಾಜು ಮನೆಯ ರಾಗಿ ಹೊಲವೆಲ್ಲ ಸೈಟುಗಳಾಗಿ, ಆ ಸೈಟುಗಳಲ್ಲಿ ಮನೆ ಕಟ್ಟಿಸುವುದು ಅವರ ಕಸುಬು. ತಾರಸಿಗೆ ಮೋಲ್ಡಿಂಗು ಹಾಕಿ ಮುಗಿಯುವ ತನಕ ಅಲ್ಲೇ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೋಡ್ ಬರೆಯುವ ಆಸಾಮಿ.

ಹೊಸ ಆವೃತ್ತಿ ಬಿಡುಗಡೆಗೆ ವಾರವಿರುವಾಗ ಮುನಿರಾಜು ಒಂದು ತಿದ್ದುಪಡಿ ಕಳಿಸಿದರು. ಇನ್ನು ಮೇಲೆ ‘ಇಂಗೆ’, ‘ಆಲು’, ‘ಓಗು’ ಎಲ್ಲವೂ ಸರಿಯಂತೆ! ಮೇಡಂ ಎಲ್ಲರಿಗೂ ಕಾಣುವ ಹಾಗೆ ಬರೆದರು: “ತಪ್ಪನ್ನೇ ಸರಿ ಎನ್ನುವುದಾದರೆ ಈ ತಂತ್ರಾಂಶವೇಕೆ, ನಾನೇಕೆ?” ಮುನಿರಾಜು ಉತ್ತರ ಇನ್ನೂ ಚಿಕ್ಕದು: “ಅದು ಬೇಡಾಂದ್ರೆ ನಾನೂ ಬೇಡ.”

ಒಪ್ಪಿದರೆ ಪದಕೋಶ ಹೋಗುತ್ತದೆ, ಬಿಟ್ಟರೆ ಕೋಡು. ನನಗೆ ಬೇರೇನೂ ತೋಚದೆ ಭಾನುವಾರ ಇಬ್ಬರನ್ನೂ ಮನೆಗೆ ಊಟಕ್ಕೆ ಕರೆದೆ.

ಬಂದರು. ನನ್ನ ಸೋಫಾದ ಎರಡು ತುದಿ ಹಿಡಿದು ಕೂತರು. ತಟ್ಟೆ ನೋಡಿಕೊಂಡೇ ಚಿತ್ರಾನ್ನ ತಿಂದು ಮುಗಿಸಿದರು. ಕೊನೆಗೆ ಮುನಿರಾಜು ಕೈ ತೊಳೆದು ಬಂದು ನಿಂತುಕೊಂಡೇ ಕೇಳಿದರು: “ನಮ್ಮವ್ವ ಕೆರೆ ಕತೆ, ಕಣದ ಕತೆ ಏಳ್ತಾ ಇರ್ತಾಳೆ, ನಾನು ಟೈಪ್ ಮಾಡ್ಕೋತೀನಿ. ಪೇಜ್ ಪೂರ್ತಿ ಕೆಂಪಾಗೋಯ್ತದೆ. ನಮ್ಮವ್ವ ಮಾತಾಡಿದ್ದೆಲ್ಲ ತಪ್ಪಾ ಮೇಡಂ?”

ಮೇಡಂ ನನ್ನ ಕಡೆ ತಿರುಗಿ, ತರಗತಿಯ ದನಿಯಲ್ಲಿ ಶುರು ಮಾಡಿದರು: “ಹಳಗನ್ನಡದಲ್ಲಿ ಪೋಗು ಅಂತಿದ್ರು. ಅದು ಹೋಗು ಆಯ್ತು. ಪಾಲ್ ಹೋಗಿ ಹಾಲು ಆಯ್ತು. ಮೊದಲು ಹಾಲು ಅಂದವರನ್ನ ಎಷ್ಟು ಜನ ಬೈದಿರ್ತಾರೋ!” ಅಷ್ಟು ಹೇಳಿ ತಾವೇ ತಡೆದು ನಿಂತರು. ಮುಖದಲ್ಲಿ ದೀಪ ಹೊತ್ತಿತು. “ಪೋಗು, ಹೋಗು, ಓಗು! ಮುನಿರಾಜು, ಲ್ಯಾಪ್‌ಟಾಪ್ ತೆಗೀರಿ ಬೇಗ. ಇದಕ್ಕೆ ಕೆಂಪು ಬೇಡ. ಬೇರೆ ಬಣ್ಣ ಬರುತ್ತಾ?”

“ಅಸಿರು ಆಕ್ಲಾ ಮೇಡಂ?”

“ಹಾಕ್ರೀ!”

ಆಡುಮಾತಿಗೆ ಹಸಿರು ಗೆರೆ. ಅದರ ಮೇಲೆ ಒತ್ತಿದರೆ ಗ್ರಾಂಥಿಕ ರೂಪವೂ ಪಕ್ಕದಲ್ಲೇ ಕಾಣಬೇಕು. ಇಬ್ಬರೂ ಸೋಫಾದ ನಡುವಿಗೆ ಬಂದು, ಒಬ್ಬರ ಮಾತನ್ನೊಬ್ಬರು ತುಂಡರಿಸುತ್ತ, ಸಂಜೆಯ ತನಕ ಏಳಲಿಲ್ಲ. ಯಜಮಾನಿಯಾದ ನಾನು ಮಾಡಿದ ನಿರ್ವಹಣೆಯೆಂದರೆ ಅವರು ಮರೆತ ಕಾಫಿಯನ್ನು ಮತ್ತೆ ಮತ್ತೆ ಬಿಸಿ ಮಾಡಿದ್ದು. ಆದರೂ ನಿಜ ಹೇಳುತ್ತೇನೆ, ಆಫೀಸಿನಲ್ಲಿ ಬಡ್ತಿ ಸಿಕ್ಕ ದಿನವೂ ನಾನು ಅಷ್ಟು ಕುಣಿದಿರಲಿಲ್ಲ.

ಬಿಡುಗಡೆ ತಡವಾಯಿತು, ಯಾರೂ ಅಳಲಿಲ್ಲ. ಹಸಿರು ಗೆರೆಯ ಸುದ್ದಿ ಹಬ್ಬಿದ್ದೇ ತಡ, ಎಲ್ಲೆಲ್ಲಿಂದಲೋ ಪದಗಳು ಬರತೊಡಗಿದವು. ಒಂದು ಬೆಳಿಗ್ಗೆ ಹುಬ್ಬಳ್ಳಿಯ ಹೆಂಗಸೊಬ್ಬರು ಬರೆದಿದ್ದರು: “ನಮ್ ಕಡೆ ಮಾತೂ ಕಳಸ್ಲೇನ್ರಿ? ಯಾರಾದ್ರೂ ನಗ್ತಾರೇನ ಅಂತ ಅಂಜಿಕಿ ಅದ.” ನಾನು ಬೆನ್ನು ನೆಟ್ಟಗೆ ಮಾಡಿಕೊಂಡು, ಯಜಮಾನಿಕೆಗೆ ತಕ್ಕ ಸ್ವಾಗತದ ಉತ್ತರವೊಂದನ್ನು ಉದ್ದಕ್ಕೆ ಬರೆದೆ. ಕಳಿಸಲು ಹೋದರೆ, ವಸುಧಾ ಮೇಡಂ ಉತ್ತರ ಆಗಲೇ ಅಲ್ಲಿತ್ತು: “ಒಂದೂ ಬಿಡದೆ ಕಳಿಸಿ ತಾಯಿ, ಕಾಯ್ತಾ ಇದ್ದೀವಿ.”

ನನ್ನದನ್ನು ಅಳಿಸಿ, ಹಾಯಾಗಿ ಆಫೀಸಿಗೆ ಹೊರಟೆ.