ಅಂಗೈಗೆ ತಾಗುವ ಹಕಾರ

ಮೇಷ್ಟ್ರ ಅಂಗೈಯಲ್ಲಿ ಸದಾ ಸೀಮೆಸುಣ್ಣದ ಪುಡಿ ಮೆತ್ತಿರುತ್ತಿತ್ತು. ಅದನ್ನು ನಮ್ಮ ಬಾಯಿಗೆ ಅಡ್ಡ ಹಿಡಿದು 'ಹಕ್ಕಿ ಅನ್ನು' ಎನ್ನುತ್ತಿದ್ದರು. ಗಾಳಿ ತಾಗಿದರೆ ಹಕ್ಕಿ, ತಾಗದಿದ್ದರೆ ಅಕ್ಕಿ. ಹೆಮ್ಮಿಗೆಯಲ್ಲೇ ಹುಟ್ಟಿ ಊರನ್ನು ಎಮ್ಮಿಗೆ ಎನ್ನುತ್ತಿದ್ದ ನಾನು ಆ ಅಂಗೈಗೆ ಎಷ್ಟು ಉಸಿರು ಊದಿದ್ದೇನೋ! ಉಕ್ತಲೇಖನದಲ್ಲಿ ಒಂದೊಂದು ಮಾತನ್ನೂ ಬಿಡಿಸಿ ಎರಡೆರಡು ಸಲ ಹೇಳುವರು. 'ಇನ್ನೊಂದ್ಸಲ ಸಾ' ಎಂದರೆ ಯಾವತ್ತೂ ಸಿಡುಕಿದವರಲ್ಲ.

ನಿವೃತ್ತರಾದ ಮೇಲೆ ಅವರು ನಂಜನಗೂಡಿನ ಮಗಳ ಮನೆಗೆ ಬಂದರು. ನನಗೂ ಅಲ್ಲೇ ತಾಲ್ಲೂಕು ಕಚೇರಿಯಲ್ಲಿ ಕೆಲಸ. ಒಂದು ಭಾನುವಾರ ನಾನಿದ್ದಾಗಲೇ ಮಗಳು ಮಿಕ್ಸಿ, ಟಿವಿ ಗಲಾಟೆಯ ನಡುವೆ ಅಡುಗೆಮನೆಯಿಂದಲೇ, ಅಕ್ಕಿ ತೀರಿತು ಅಪ್ಪಾ, ತಂದುಕೊಡಿ ಎಂದರು. ಮೇಷ್ಟ್ರು ಸೂರು ನೋಡುತ್ತಾ, "ಯಾವ ಹಕ್ಕಿ ಕಣಮ್ಮ?" ಎಂದರು. ಜೀವಮಾನವಿಡೀ ಬಿಟ್ಟುಹೋದ ಹಕಾರ ಸೇರಿಸಿದವರು, ಅಲ್ಲೂ ಸೇರಿಸಿಕೊಂಡಿದ್ದರು. ನಾವು ನಕ್ಕೆವು. ಇಂಥದ್ದು ಹೆಚ್ಚಾದಾಗ ಮನೆಯವರು ಅರಳುಮರಳು ಎಂದುಕೊಂಡು ಅವರೊಡನೆ ಮಾತೇ ಕಡಿಮೆ ಮಾಡಿದರು. ನಾನೂ ಕಿವಿಯ ಹತ್ತಿರ ಕಿರುಚಲು ಶುರುಮಾಡಿದೆ. ಅದರಿಂದ ಇನ್ನಷ್ಟು ಗೊಂದಲವಾಯಿತು.

"ಕೇಳಿಸ್ತದೆ ಕಣೋ. ಏನಂದ್ರು ಅಂತ ಗೊತ್ತಾಗಕಿಲ್ಲ," ಎಂದರು ಒಮ್ಮೆ. "ನಂಗೆ ತಲೆ ಕೆಟ್ಟದಾ? ನೀನಾದ್ರೂ ನಿಜ ಹೇಳು."

ನನಗೆ ಗೊತ್ತಿರಲಿಲ್ಲ. ಮೈಸೂರಿಗೆ ಕರೆದುಕೊಂಡು ಹೋದೆ. ಪರೀಕ್ಷೆ ಮಾಡಿದ ಡಾಕ್ಟರು ಕಿವಿ ವಯಸ್ಸಿಗೆ ತಕ್ಕಂತಿದೆ, ಬುದ್ಧಿಯೂ ನೆಟ್ಟಗಿದೆ ಎಂದರು. ಸದ್ದನ್ನು ಕಿವಿ ಒಳಗೆ ಬಿಡುತ್ತದೆ, ಗಲಾಟೆಯಿಂದ ಮಾತನ್ನು ಆರಿಸುವುದು ಮೆದುಳು, ಆ ಕೆಲಸ ಈಗ ನಿಧಾನವಾಗಿದೆ ಎಂದರು. ಕಿವಿ ಸರಿಯಿದ್ದೂ ಕೇಳಿಸದಿರುವುದು ಹೇಗೆಂದು ಮೂರು ಸಲ ಕೇಳಿದೆ. ಮೂರು ಸಲವೂ ಹೇಳಿದರು, ತಲೆಗೆ ಹತ್ತಲಿಲ್ಲ. ಎದುರು ಕೂತು ನಿಧಾನವಾಗಿ ಮಾತಾಡಿ ಎಂದದ್ದು ಮಾತ್ರ ಅರ್ಥವಾಯಿತು.

ಮನೆಗೆ ಬಂದು ಟಿವಿ ಆರಿಸಿದೆ. ಮೇಷ್ಟ್ರ ಎದುರು ಕೂತು ಅವರದೇ ಉಕ್ತಲೇಖನದ ಧಾಟಿಯಲ್ಲಿ, ಬಿಡಿಸಿ, ಎರಡೆರಡು ಸಲ ಹೇಳಿದೆ: ನಿಮಗೆ ತಲೆ ಕೆಟ್ಟಿಲ್ಲ. ಅವರ ಕಣ್ಣು ತುಂಬಿತು. ಬಾಗಿಲಲ್ಲಿದ್ದ ಮಗಳು ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಮನೆಯವರೂ ಹಾಗೇ ಮಾತಾಡಲು ಕಲಿತರು. ಕೆಲವು ದಿನ ಎಲ್ಲಾ ತಿಳಿಯುತ್ತಿತ್ತು, ಕೆಲವು ದಿನ ಏನೂ ಇಲ್ಲ. ಯಾಕೆಂದು ನನಗೆ ಹೊಳೆಯಲೇ ಇಲ್ಲ.

ಕೊನೆಯ ಸಲ ನೋಡಿದಾಗ ಮನೆ ತುಂಬಾ ನೆಂಟರು. ಹೋಗಿ ಬರ್ತೀನಿ ಎಂದೆ. ಮೇಷ್ಟ್ರು ಮಿಕಿಮಿಕಿ ನೋಡಿದರು. ಆಮೇಲೆ ಅಂಗೈಯನ್ನು ನನ್ನ ಬಾಯಿಗೆ ಅಡ್ಡ ಹಿಡಿದರು. ಇನ್ನೊಂದು ಸಲ ಹೇಳಿದೆ.

"ಹೋಗಿ ಬಾ," ಎಂದು ನಕ್ಕರು. "ಓಗಿ ಅನ್ಲಿಲ್ಲ ನೀನು."

ಮುಂದಿನ ವಾರ ಅವರು ತೀರಿಕೊಂಡರು. ಅವತ್ತು ಅವರಿಗೆ ನನ್ನ ಮಾತು ಕೇಳಿಸಿತೋ, ಬರೀ ಗಾಳಿ ತಾಗಿತೋ, ಇವತ್ತಿಗೂ ತಿಳಿಯದು.