ಗೌಸಮೊದ್ದೀನನ ಅಂಡಮಾನ್

ಹಳೇ ಹುಬ್ಬಳ್ಳಿಯಲ್ಲಿ ನನ್ನದು ಸೂಟ್‌ಕೇಸು, ಬ್ಯಾಗುಗಳ ಅಂಗಡಿ. ನಾನು ಮಾರಿದ ಬ್ಯಾಗಿನ ಜಿಪ್ಪು ಕೆಟ್ಟರೆ ರಿಪೇರಿ ಮಾಡುವವನು ನನ್ನದೇ ಕಟ್ಟೆಯ ಮೇಲೆ ಕೂಡುವ ಗೌಸಮೊದ್ದೀನ. ನಾನು ಎಂಥ ಮಾಲು ಮಾರುತ್ತೇನೆಂಬುದು ಊರಿಗಿಂತ ಮೊದಲು ಅವನಿಗೆ ಗೊತ್ತಾಗುತ್ತದೆ. ಹಾಗಾಗಿ ಇಪ್ಪತ್ತೆಂಟು ವರ್ಷವಾದರೂ ಅವನನ್ನು ಅಲ್ಲಿಂದ ಎಬ್ಬಿಸುವ ಧೈರ್ಯ ನನಗೆ ಬಂದಿಲ್ಲ.

ಅವನ ಕೆಲಸಕ್ಕೊಂದು ರೀತಿಯಿದೆ. ಬ್ಯಾಗು ಕೈಗೆ ಬಂದೊಡನೆ ಗಿರಾಕಿಯ ಎದುರಿಗೇ ಬೋರಲು ಹಾಕಿ ಜಾಡಿಸುತ್ತಾನೆ; ಆಮೇಲೆ ಅದು ಕಳೆಯಿತು, ಇದು ಕಳೆಯಿತು ಅನ್ನುವ ಮಾತು ಬರಬಾರದು. ಪಿನ್ನು, ಗುಳಿಗೆ, ಶೇಂಗಾ ಸಿಪ್ಪೆ ಉದುರುತ್ತವೆ. ರಜೆಗೆ ಹೋಗಿ ಬಂದವರದಾದರೆ ಉಸುಕು. ಜಿಪ್ಪು ಕೆಡಿಸುವುದೂ ಆ ಉಸುಕೇ. ಎಲ್ಲಿಯದಿದು ಎಂದು ಅವನು ಕೇಳಿದ್ದೇ ತಡ, ಕೇಶ್ವಾಪುರ ಬಡಾವಣೆಯ ಅನುಕೂಲಸ್ಥ ಮಂದಿ ಸ್ಟೂಲು ಎಳೆದುಕೊಂಡು ಕೂತು ಅಂಡಮಾನ್ ಸುತ್ತಿದ್ದನ್ನೆಲ್ಲ ಹೇಳುತ್ತಾರೆ: ಸೆಲ್ಯುಲರ್ ಜೈಲು, ರಾಧಾನಗರದ ಬಿಳಿ ದಂಡೆ, ತಳಕ್ಕೆ ಗಾಜು ಹಾಕಿದ ದೋಣಿ, ನೀರಲ್ಲಿ ಮುಖ ಇಟ್ಟು ಹವಳ ನೋಡಿದ್ದು, ಸುಣ್ಣದ ಕಲ್ಲಿನ ಗವಿ. ಹೆಂಡತಿ ಹೇಳಿದ್ದನ್ನು ಗಂಡ ತಿದ್ದುತ್ತಾನೆ. ಗೌಸಮೊದ್ದೀನ ಹೊಲಿಯುತ್ತ ಹೊಲಿಯುತ್ತ ಎರಡನ್ನೂ ಇಟ್ಟುಕೊಳ್ಳುತ್ತಾನೆ.

ಸಂಜೆ ಮನೆಗೆ ಹೋಗಿ ಹೆಂಡತಿ ಹುಸೇನಬಿಗೆ ಅದನ್ನೇ ಹೇಳುತ್ತಿದ್ದ, ಆದರೆ ತಾನು ಕಂಡದ್ದೆಂದು. ಅವಳು ಮುಗದ ಎಂಬ ಹಳ್ಳಿಯವಳು, ಸಮುದ್ರ ಕಂಡವಳಲ್ಲ. ಮದುವೆಯಾದ ಹೊಸತರಲ್ಲಿ, ನೀವು ಸಮುದ್ರ ನೋಡಿದ್ದೀರಾ ಎಂದು ಕೇಳಿದ್ದಳು. ಹೊಸ ಗಂಡ, ಇಲ್ಲ ಅನ್ನಲು ನಾಲಿಗೆ ಹೊರಳಲಿಲ್ಲ. ಲಗ್ನಕ್ಕಿಂತ ಮೊದಲು ಆರು ತಿಂಗಳು ಅಂಡಮಾನಿನಲ್ಲಿ ಕೆಲಸಕ್ಕಿದ್ದೆ ಅಂದುಬಿಟ್ಟ. ಇಪ್ಪತ್ತೇಳು ವರ್ಷ ಕಳೆದರೂ ಆ ಆರು ತಿಂಗಳು ಮುಗಿಯಲಿಲ್ಲ. ಹುಬ್ಬಳ್ಳಿಯಿಂದ ಕಾರವಾರ ನಾಲ್ಕು ತಾಸಿನ ದಾರಿ. ಆದರೆ ಅಂಡಮಾನ್ ನೋಡಿದವನು ಕಾರವಾರಕ್ಕೆ ಯಾಕೆ ಹೋದಾನು? ಹೀಗಾಗಿ ಸಮುದ್ರ ಇಬ್ಬರಿಗೂ ತಪ್ಪಿತು.

ಕಳೆದ ಚಳಿಗಾಲ, ಬ್ಯಾಂಕಿನಲ್ಲಿ ಕೆಲಸ ಮಾಡುವ ಮಗಳು ಹುಮಾ ಅಪ್ಪ-ಅಮ್ಮನಿಗೂ ಸೇರಿಸಿ ಅಂಡಮಾನಿನ ಟಿಕೆಟ್ ತೆಗೆಸಿಕೊಂಡೇ ಮನೆಗೆ ಬಂದಳು. ಗೈಡ್ ಯಾಕೆ, ಅಬ್ಬಾ ಇದ್ದಾರಲ್ಲ ಅಂದಳಂತೆ.

ಮರುದಿನ ಗೌಸಮೊದ್ದೀನ ಸೂಜಿ ಮುಟ್ಟಲಿಲ್ಲ. ಒಳಗೆ ಬಂದು ದನಿ ತಗ್ಗಿಸಿದ. "ಸಾವ್ಕಾರ್ರ, ನಾ ಸಮುದ್ರ ನೋಡೇ ಇಲ್ರಿ."

ಗೊತ್ತಿದೆ ಅಂದೆ. ಶುಕ್ರವಾರದ ನಮಾಜು ಬಿಟ್ಟರೆ ಅವನು ಕಟ್ಟೆ ಇಳಿದದ್ದನ್ನು ನಾನು ಕಂಡಿಲ್ಲ. ಹೋಗಿ ಹೆಂಡತಿಗೆ ಹೇಳಿಬಿಡು ಅಂದೆ.

"ಹೆಂಗ ಹೇಳ್ಲಿ? ಇದೊಂದು ಸುಳ್ಳಂತ ಗೊತ್ತಾದ್ರ ಆಕಿಗೆ ನಾ ಹೇಳಿದ್ದೆಲ್ಲಾ ಸುಳ್ಳು ಅನಸ್ತೈತಿ. ಆಕಿನ್ನ ಬಿಟ್ರ ನನ್ನ ಮಾತು ನಂಬಾವ್ರು ಯಾರದಾರ್ರಿ?"

ಅದು ಖರೆ. ನಾನಂತೂ ನಂಬುವುದಿಲ್ಲ. ಹಾಗಾದರೆ ಸಮುದ್ರ ಕಂಡೊಡನೆ ಬಾಯಿ ತೆರೆಯಬೇಡ, ಹಳೇ ಗಿರಾಕಿಯನ್ನು ನೋಡಿದಂತೆ ನೋಡು ಎಂದು ನನ್ನ ವ್ಯಾಪಾರದ ಬುದ್ಧಿ ಹೇಳಿಕೊಟ್ಟೆ.

ಮುಂದಿನದು ಅವನು ಬಂದ ಮೇಲೆ ಹೇಳಿದ್ದು. ಮೂರು ದಿನ ಹೇಗೋ ನಡೆಸಿದ. ಜೈಲಿನ ಮಾಳಿಗೆಗೆ ಯಾವ ಮೆಟ್ಟಿಲು, ಹಡಗಿನಲ್ಲಿ ಯಾವ ಬದಿಗೆ ಬಿಸಿಲು ಬೀಳುವುದಿಲ್ಲ, ಎಲ್ಲ ಸರಿಹೋಯಿತು. ಕೇಶ್ವಾಪುರದವರು ಸುಳ್ಳು ಹೇಳಿರಲಿಲ್ಲ. ದಾರಿ ತಪ್ಪಿದ ಬೇರೆ ಪ್ರವಾಸಿಗಳಿಗೂ ಹುಸೇನಬಿ, ನಮ್ಮವರನ್ನು ಕೇಳಿ ಎಂದು ಬೆರಳು ಮಾಡಿ ತೋರಿಸುತ್ತಿದ್ದಳಂತೆ.

ನಾಲ್ಕನೆಯ ದಿನ ನೀಲ್ ದ್ವೀಪ. ಬೆಳಿಗ್ಗೆ ನೀರು ದೂರ ಸರಿದು ತಳದ ಕಲ್ಲುಗಳೆಲ್ಲ ಬಯಲಾಗಿದ್ದವು. ಗುಂಡಿಗಳಲ್ಲಿ ಏಡಿ, ನಕ್ಷತ್ರದಂಥ ಮೀನು. ಉಳಿದವರು ತಮ್ಮ ಚೀಲಗಳನ್ನು ಮೇಲೆ ಮರದ ಬುಡದಲ್ಲಿಟ್ಟು ನಡೆದರು. ಇವನು ಅಷ್ಟು ದೂರ ಯಾಕೆಂದು ಒಣಗಿದ ಬಂಡೆಯೊಂದರ ಮೇಲಿಟ್ಟ. ಹುಮಾ ಅನುಮಾನಿಸಿದರೆ, ನೀರು ಇಲ್ಲಿಯವರೆಗೆ ಬರುವುದಿಲ್ಲ, ನನಗೆ ಗೊತ್ತಿಲ್ಲವೇ ಅಂದ. ಅವನು ಕಂಡ ದೊಡ್ಡ ನೀರೆಂದರೆ ಉಣಕಲ್ ಕೆರೆ. ಅಲ್ಲಿ ಬೆಳಿಗ್ಗೆ ಇದ್ದ ನೀರು ಸಂಜೆಗೂ ಅಲ್ಲೇ ಇರುತ್ತದೆ.

ಎರಡು ತಾಸಿಗೆ ತಿರುಗಿ ನೋಡಿದರೆ ಬಂಡೆಯೇ ಇಲ್ಲ. ರೊಟ್ಟಿ, ಶೇಂಗಾ ಚಟ್ನಿ ತುಂಬಿದ ಚೀಲ ತೇಲಾಡುತ್ತಿತ್ತು. ದೋಣಿಯವನೊಬ್ಬ ಎಳೆದು ತಂದುಕೊಟ್ಟು, ದಿನಕ್ಕೆರಡು ಸಲ ನೀರು ಏರುತ್ತದೆ, ಮೊದಲ ಸಲ ಸಮುದ್ರ ನೋಡುವವರಿಗೆ ಇದು ತಿಳಿಯುವುದಿಲ್ಲ ಎಂದು ಹಿಂದಿಯಲ್ಲಿ ಹೇಳಿ ನಕ್ಕ. ಹುಸೇನಬಿಗೆ ಹಿಂದಿ ಚೆನ್ನಾಗಿ ಬರುತ್ತದೆ.

ಅವಳು ಗಂಡನ ಮುಖ ನೋಡಿದಳು. ಹುಮಾ ತೊಯ್ದ ರೊಟ್ಟಿ ಒಣಗಿಸುವ ನೆಪ ಮಾಡಿ ಅತ್ತ ಸರಿದಳು. ಗೌಸಮೊದ್ದೀನ ತಲೆ ತಗ್ಗಿಸಿಕೊಂಡೇ ಎಲ್ಲ ಹೇಳಿದ, ಜಾಡಿಸಿದ ಬ್ಯಾಗುಗಳಿಂದ ಹಿಡಿದು.

ಅವಳು ಅಲ್ಲೇ ಉಸುಕಿನ ಮೇಲೆ ಕೂತಳಂತೆ. "ನೀವು ನೋಡಿದ್ದು ನಾ ನೋಡಿಲ್ಲಲಾ ಅಂತ ಇಪ್ಪತ್ತೇಳು ವರ್ಷ ಹೊಟ್ಟಿಕಿಚ್ಚು ಪಟ್ಟೇನಿ. ಅದನ್ಯಾರು ವಾಪಸ್ ಕೊಡ್ತಾರ?"

ಅವನು ತೊಯ್ದ ಚೀಲವನ್ನು ಬೋರಲು ಹಾಕಿ ಜಾಡಿಸಿದ.

"ಮತ್ತ ಬ್ಯಾರೆ ಏನೇನ್ ಸುಳ್ಳು ಅದಾವ? ಈಗ ಹೇಳಿಬಿಡ್ರಿ."

"ನಿಮ್ಮ ಅಮ್ಮೀ ಮಾಡೋ ಶೀರಖುರ್ಮಾ ನನಗ ಸೇರೂದಿಲ್ಲ."

"ಅದು ನನಗೂ ಸೇರೂದಿಲ್ಲ," ಅಂದು ಅವಳು ಎದ್ದಳು. "ನಡೀರಿ, ದೋಣಿ ಹೊಂಟೈತಿ."

ನೀರು ಏರಿದ ಮೇಲೆಯೇ ಹೊರಡುವ ಗಾಜಿನ ದೋಣಿ ಅದು. ಅಲುಗಾಡಿದೊಡನೆ ಅವನಿಗೆ ಹೊಟ್ಟೆ ತೊಳಸಿತು. ಕಣ್ಣು ಮುಚ್ಚಿ ಕೂತುಬಿಟ್ಟ. ಹುಸೇನಬಿ ಒಂದು ಕೈ ಅವನ ಬೆನ್ನ ಮೇಲಿಟ್ಟು, ಗಾಜಿನ ಮೇಲೆ ಬಾಗಿ, ಕೆಳಗೆ ಕಂಡ ಮೀನುಗಳನ್ನು ಒಂದೊಂದಾಗಿ ಹೇಳತೊಡಗಿದಳು. "ಅರಿಷಿಣ ಬಣ್ಣದ್ದು ಬಂತ್ರಿ, ಮೈಮ್ಯಾಲೆ ಕರೀ ಗೀರು. ಅದರ ಹಿಂದೊಂದು ಬರಾಕತ್ತೈತಿ, ನಿಮ್ಮ ಸಾವ್ಕಾರ್ರಂಗ ಹೊಟ್ಟಿ ಐತಿ."

ಈ ಮಾತನ್ನೂ ಅವನು ಬಿಡದೆ ನನಗೆ ಹೇಳಿದ.

ಈಗ ಅಂಡಮಾನಿಗೆ ಹೊರಟವರು ಬ್ಯಾಗು ಕೊಳ್ಳಲು ಬಂದು ಏನೇನು ನೋಡಬೇಕೆಂದು ಅವನನ್ನು ಕೇಳುತ್ತಾರೆ. ಜೈಲು, ಹಡಗು, ಬಿಳಿ ದಂಡೆ ಎಲ್ಲ ಹೇಳುತ್ತಾನೆ. ಚೀಲ ಎಲ್ಲಿಡಬೇಕೆಂಬುದನ್ನೂ ಹೇಳುತ್ತಾನೆ. ಮೀನಿನ ಮಾತು ಬಂದರೆ ಮಾತ್ರ ಸೂಜಿ ನಿಲ್ಲುತ್ತದೆ.

"ಅದನ್ನ ನಮ್ಮ ಮನಿಯಾಕಿನ್ನ ಕೇಳ್ರಿ," ಅನ್ನುತ್ತಾನೆ. "ನೋಡಿದಾಕಿ ಆಕಿ."