ಹೆದ್ದಾರಿಗೆ ಕಾಣುವ ತಾರಸಿ

ನಮ್ಮ ಡಿಪೋದಲ್ಲಿ ನನ್ನ ಬಸ್ಸಿನ ಡ್ರೈವರಿಗೆ ಗಜಗಮನ ಎಂದು ಹೆಸರಿಟ್ಟವನು ನಾನೇ. ಕಡಲ ಪಕ್ಕದ ಟೋಲ್ ಹೆದ್ದಾರಿಯಲ್ಲಿ ಕಾರುಗಳು ಬಾಣ ಬಿಟ್ಟಂತೆ ಹೋಗುತ್ತಿದ್ದರೆ ನಮ್ಮ ಬಸ್ಸು ಪಕ್ಕದ ಪಟ್ಟಿಯಲ್ಲಿ ತುಂಬಿದ ಕೊಡ ಹೊತ್ತವರ ಹಾಗೆ ಸಾಗುತ್ತಿತ್ತು. ಕಂಡಕ್ಟರ್ ಎಂಬ ಪ್ರಾಣಿ ಹುಟ್ಟಿರುವುದೇ ಡ್ರೈವರ್ ಮಾಡಿದ ಪಾಪಕ್ಕೆ ಬೈಸಿಕೊಳ್ಳಲು. ಪ್ರಯಾಣಿಕರು ನನ್ನ ತಲೆ ತಿಂದು ಮುಗಿಸಿದ ಮೇಲೆ ನಾನು ಮುಂದೆ ಹೋಗಿ, "ಅಣ್ಣಾ, ಹಿಂದೆ ಒಬ್ಬರು ಇಳಿದು ನಡ್ಕೊಂಡೇ ಹೋಗ್ತೀನಿ ಅಂತಿದಾರೆ" ಎನ್ನುತ್ತಿದ್ದೆ. ಅವರು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ, "ಹೋಗ್ಲಿ ಬಿಡು. ಮುಂದಿನ ಟೋಲ್‌ನಲ್ಲಿ ನಮಗೋಸ್ಕರ ಕಾಯ್ತಿರೋಕೆ ಹೇಳು" ಎನ್ನುತ್ತಿದ್ದರು.

ಅವರಿಗೆ ಅಕ್ಕನೇ ಅಮ್ಮ. ಹೆತ್ತವಳು ತೀರಿಕೊಂಡಾಗ ಇವರಿನ್ನೂ ಅಂಬೆಗಾಲಿಡುತ್ತಿದ್ದರಂತೆ. ಅಕ್ಕ ತಾನೂ ಲಂಗ ಹಾಕುವ ವಯಸ್ಸಿನಲ್ಲೇ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು, ದರ್ಜಿಯ ಅಂಗಡಿಯಲ್ಲಿ ಗುಂಡಿ ಹಚ್ಚಿ, ಆಮೇಲೆ ಸ್ವಂತ ಮಿಷನ್ ಇಟ್ಟು ಸಾಕಿದರು. ಮದುವೆಯಾಯಿತು, ಗಂಡ ಹೋದ, ಮಕ್ಕಳಾಗಲಿಲ್ಲ. ವಯಸ್ಸಾಗುತ್ತಾ ಕಿವಿ ಪೂರ್ತಿ ಕೇಳದಾಯಿತು. ಸೂಜಿಗೆ ದಾರ ಪೋಣಿಸಿ ಪೋಣಿಸಿ ಹತ್ತಿರದ ಅಕ್ಷರ ಕಾಣುತ್ತಿರಲಿಲ್ಲ, ದೂರದ ದೋಣಿ ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಹಾಗಾಗಿ ಫೋನಿನಲ್ಲಿ ಮಾತಾಡಿಸುವಂತಿಲ್ಲ, ಬರೆದು ಕಳಿಸುವಂತೆಯೂ ಇಲ್ಲ. ನಮ್ಮ ಮನೆಗೆ ಬಂದುಬಿಡು ಎಂದು ತಮ್ಮ ಎಷ್ಟು ಸಲ ಸನ್ನೆ ಮಾಡಿ ಕರೆದರೂ ಅಕ್ಕನದು ಒಂದೇ ಉತ್ತರ: "ನಿನ್ನ ಹೆಂಡ್ತಿ ಒಳ್ಳೆಯವಳು ಕಣೋ. ನಾನು ಬಂದು ಯಾಕೆ ಕೆಡಿಸ್ಲಿ?"

ಹೆದ್ದಾರಿ ಬರುವ ಮೊದಲು ನಮ್ಮ ಬಸ್ಸು ಹಳೇ ದಾರಿಯಲ್ಲಿ, ಅಕ್ಕನ ಮನೆ ಬಾಗಿಲಿಗೆ ತಾಗಿಕೊಂಡೇ ಹೋಗುತ್ತಿತ್ತು. ಅಣ್ಣ ಇಂಜಿನ್ ಆರಿಸದೆ ಕಿಟಕಿಯಿಂದ ಕೈ ಚಾಚಿದರೆ ಅಕ್ಕ ಬಿಸಿನೀರಿನ ಬಾಟಲಿ ಕೊಟ್ಟು, ಮುಖ ನೋಡಿ, "ಸೊರಗಿದೀಯಲ್ಲೋ" ಎನ್ನುತ್ತಿದ್ದರು. ಗುಡಾಣದಂಥ ಹೊಟ್ಟೆಯ ಆ ಮನುಷ್ಯನನ್ನು ನೋಡಿ ಸೊರಗಿದೀಯ ಎನ್ನುವವರು ಲೋಕದಲ್ಲಿ ಅವರೊಬ್ಬರೇ.

ಆಮೇಲೆ ಮಣ್ಣಿನ ಏರಿ ಹಾಕಿ ಹೆದ್ದಾರಿ ಕಟ್ಟಿದರು. ಎರಡೂ ಕಡೆ ತಂತಿ ಬೇಲಿ ಬಿಗಿದರು. ಬಸ್ಸುಗಳೆಲ್ಲ ಮೇಲಕ್ಕೆ ಹತ್ತಿದವು. ಅಕ್ಕನ ಮನೆ ಹೆದ್ದಾರಿಗೂ ಕಡಲಿಗೂ ನಡುವೆ, ಸಾಲಿನ ಕೊನೆಯಲ್ಲಿ ಉಳಿಯಿತು. ರಸ್ತೆ ಅವರ ತಾರಸಿಯಷ್ಟೇ ಎತ್ತರಕ್ಕೆ ಬಂದು ನಿಂತಿತ್ತು. ಆ ತಾರಸಿಗೆ ಸುತ್ತುಗೋಡೆಯೂ ಇರಲಿಲ್ಲ. ಬಸ್ಸಿನಿಂದ ಕಲ್ಲೆಸೆದರೆ ಅಂಗಳಕ್ಕೆ ಬೀಳುವಷ್ಟು ಹತ್ತಿರ. ಆದರೆ ಹೋಗಬೇಕೆಂದರೆ ಮುಂದಿನ ಟೋಲ್ ಗೇಟಿನ ಹತ್ತಿರ ಕೆಳಗಿಳಿದು, ಗುಂಡಿ ಬಿದ್ದ ಹಳೇ ದಾರಿಯಲ್ಲಿ ಮೈಲಿಗಟ್ಟಲೆ ಹಿಂದಕ್ಕೆ ಬರಬೇಕು. ನಡುವೆ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಗಸ್ತಿನ ಜೀಪು ಯಮದೂತರ ಹಾಗೆ ಪ್ರತ್ಯಕ್ಷ. ಅಣ್ಣನಿಗೆ ಅಕ್ಕನ ಮನೆ ಕಣ್ಣಿಗೆ ಹತ್ತಿರ, ಕಾಲಿಗೆ ದೂರವಾಯಿತು. ತಿಂಗಳಿಗೊಮ್ಮೆ ರಜೆ ಹಾಕಿ ಹೋಗಿ ಬರುತ್ತಿದ್ದರು.

ಉಳಿದ ದಿನಗಳಿಗೆ ಉಪಾಯ ಹುಡುಕಿದವರು ಅಕ್ಕ. ಬಸ್ಸು ಬರುವ ಹೊತ್ತಿಗೆ ತಾರಸಿ ಹತ್ತಿ ಹಳದಿ ಬಟ್ಟೆ ಬೀಸುತ್ತಿದ್ದರು. ಅಣ್ಣ ಹಗಲು ಹೊತ್ತಿನಲ್ಲೇ ಮುಂದಿನ ದೀಪ ಹಾಕಿ ಆರಿಸುತ್ತಿದ್ದರು. ಅಕ್ಕ ಚೆನ್ನಾಗಿದಾಳೆ, ತಮ್ಮ ಚೆನ್ನಾಗಿದಾನೆ, ಇಷ್ಟೇ ಸಮಾಚಾರ. ಸಂಜೆ ವಾಪಸು ಬರುವಾಗ ಕತ್ತಲಾಗಿರುತ್ತಿತ್ತು, ರಸ್ತೆ ನಡುವಿನ ಗಿಡಗಳೂ ಅಡ್ಡ. ಹೀಗಾಗಿ ಬೆಳಗಿನ ಆ ಒಂದು ಕ್ಷಣವೇ ಅವರಿಬ್ಬರ ಮಾತುಕತೆ. ಅದು ಮುಗಿದ ಮೇಲೆ ಅಣ್ಣ ಸ್ವಲ್ಪ ವೇಗವಾಗಿಯೂ ಓಡಿಸುತ್ತಿದ್ದರು. ಅದನ್ನು ಕಂಡುಹಿಡಿದವನೂ ನಾನೇ.

ಅಕ್ಕನಿಗೆ ಮಂಡಿನೋವು ಶುರುವಾಯಿತು. ಬಿಸಿಲಲ್ಲಿ ನಿಲ್ಲುವುದು ಕಷ್ಟ. ಅಣ್ಣನೇ ಹೋಗಿ, ಸನ್ನೆ ಮಾಡಿ ಹೇಳಿಬಂದರು: ನಿಲ್ಲೋದೇನೂ ಬೇಡ, ಬೆಳಿಗ್ಗೆ ತಂಪು ಹೊತ್ತಲ್ಲಿ ಹತ್ತಿ ಬಟ್ಟೆ ನೇತುಹಾಕಿ ಇಳಿದುಬಿಡು, ಸಂಜೆ ತೆಗೆದರಾಯಿತು, ಬಟ್ಟೆ ಕಂಡರೆ ನೀನು ಕಂಡ ಹಾಗೇ. ಅಕ್ಕ ಅದಕ್ಕೆಂದೇ ದೊಡ್ಡ ಹಳದಿ ಚಾದರ ತೆಗೆದಿಟ್ಟರು. ತಾರಸಿಯ ಮೇಲೆ ಕಟ್ಟಿದ ಹಗ್ಗದಿಂದ ಇಳಿಬಿಟ್ಟರೆ ಅಲ್ಲಿನ ನೆಲ ಮುಟ್ಟುವಷ್ಟು ಉದ್ದ.

ಒಮ್ಮೆ ಗಾಳಿಗೆ ಚಾದರ ಹಾರಿ ಕಡಲಪಾಲಾಗಿ, ತಾರಸಿ ಬೋಳಾಗಿ ಕಂಡಿತು. ಅವತ್ತು ಅಣ್ಣ ಕೊನೆಯ ನಿಲ್ದಾಣದಲ್ಲಿ ಬಸ್ಸನ್ನು ಬೇರೆಯವರಿಗೆ ಒಪ್ಪಿಸಿ, ಯಾರದೋ ಬೈಕ್ ಹಿಡಿದು ಓಡಿದರು. ಅಲ್ಲಿ ನೋಡಿದರೆ ಅಕ್ಕ ನೆಮ್ಮದಿಯಾಗಿ ದಿಂಬಿಗೆ ಹತ್ತಿ ತುಂಬುತ್ತಿದ್ದರಂತೆ. ಇವರು ಅಳುತ್ತಲೇ ಬೈದರಂತೆ. ಕೇಳದಿದ್ದರೂ ಅಕ್ಕನಿಗೆ ಅರ್ಥವಾಯಿತು. ಹೊಸ ಚಾದರದ ಅಂಚಿಗೆ ಉದ್ದಕ್ಕೂ ದಪ್ಪ ಪಟ್ಟಿಗಳನ್ನು ಹೊಲಿದು, ಹಗ್ಗಕ್ಕೆ ಗಂಟು ಹಾಕತೊಡಗಿದರು. ಅಂಥ ಕೈ ಹೊಲಿಗೆ. ಬಿರುಗಾಳಿ ಬಂದರೂ ಜಗ್ಗದು.

ಇದಾಗಿ ಕೆಲವು ತಿಂಗಳಿಗೆ, ಒಂದು ವಾರದ ಮೊದಲ ದಿನ ಎಂದಿನಂತೆ ಚಾದರ ಇತ್ತು. ಅಣ್ಣ ದೀಪ ಹಾಕಿದರು. ರಾತ್ರಿ ಸಣ್ಣಗೆ ಮಳೆ ಬಿತ್ತು. ಮರುದಿನ ಚಾದರ ನೆನೆದು, ಭಾರವಾಗಿ ಜೋತುಬಿದ್ದಿತ್ತು. ಅಣ್ಣ ನಕ್ಕು, "ನೋಡು, ಬೆಳಗಾಗೋದ್ರೊಳಗೆ ಒಗೆದೂ ಹಾಕಿದಾಳೆ. ಮುದುಕಿ ಎಷ್ಟು ಚುರುಕು!" ಎಂದರು. ನಾನೂ ನಕ್ಕೆ. ಅದರ ಮರುದಿನವೂ ಚಾದರ ಇತ್ತು. ಮತ್ತೆ ದೀಪ ಹಾಕಿದರು, ಮತ್ತೆ ಬಸ್ಸು ವೇಗ ಹಿಡಿಯಿತು.

ಅದರ ಮಾರನೇ ಬೆಳಿಗ್ಗೆ ಅಕ್ಕನ ಮನೆಗಿಂತ ಮೊದಲು ಸಿಗುವ ಟೋಲ್ ಗೇಟಿನಲ್ಲಿ ಸಾಲಿನಲ್ಲಿ ನಿಂತಿದ್ದೆವು. ನನ್ನ ಫೋನ್ ಹೊಡೆದುಕೊಂಡಿತು. ಡಿಪೋದವರು. ಪಕ್ಕದ ಮನೆಯ ಬಲೆ ಹೆಣೆಯುವ ಹೆಂಗಸು ಮಗಳ ಬಾಣಂತನಕ್ಕೆ ಹೋಗಿದ್ದವಳು ಅವತ್ತೇ ಮರಳಿದ್ದಳು. ಅಕ್ಕನನ್ನು ಹುಡುಕಿಕೊಂಡು ತಾರಸಿ ಹತ್ತಿದ್ದಾಳೆ. ಅಕ್ಕ ತೀರಿಕೊಂಡಿದ್ದರು.

ನನ್ನ ಬಾಯಿಗೆ ಆ ಮಾತು ಬರಲಿಲ್ಲ. "ಅಣ್ಣಾ, ಅಕ್ಕ ಬಿದ್ದಿದಾರಂತೆ" ಎಂದೆ.

"ಯಾವಾಗ? ನಿನ್ನೆ ಬಟ್ಟೆ ಇತ್ತಲ್ಲ?"

"ಗೊತ್ತಿಲ್ಲಣ್ಣ."

ಗೇಟು ಎತ್ತಿದರು. ಹಿಂದಿನ ಲಾರಿ ಹಾರ್ನ್ ಬಾರಿಸತೊಡಗಿತು. ಒಳಗೆ ಬಸ್ಸಿನ ತುಂಬ ಜನ. ಅಣ್ಣ ಗೇರ್ ಹಾಕಿದರು. ತಿರುವು ದಾಟಿದ ಕೂಡಲೇ ತಾರಸಿ ಕಂಡಿತು. ಮೇಲೆ ನಾಲ್ಕಾರು ಜನ ತಲೆ ತಗ್ಗಿಸಿ ನಿಂತಿದ್ದರು. ಅವರ ಮುಂದೆ ಹಳದಿ ಚಾದರ ಗಾಳಿಗೆ ಆಡುತ್ತಿತ್ತು. ನಾನು ಹೇಳದೆ ಉಳಿಸಿದ್ದು ಅಣ್ಣನಿಗೆ ಆಗಲೇ ಗೊತ್ತಾಯಿತು. ಬಸ್ಸನ್ನು ಅಂಚಿಗೆ ತರಲು ಇಂಡಿಕೇಟರ್ ದೀಪ ಹಾಕಿದರು. ಪಕ್ಕದಲ್ಲಿ ಬೇಲಿ, ಬೇಲಿಯಾಚೆ ಅಂಗಳ. ದೀಪ ಟಿಕ್ ಟಿಕ್ ಎನ್ನುತ್ತಲೇ ಇತ್ತು. "ನಿಲ್ಲಿಸಣ್ಣ, ಜೀಪಿನವರಿಗೆ ನಾನು ಹೇಳ್ಕೋತೀನಿ" ಎಂದೆ. ಅವರು ದೀಪ ಆರಿಸಿದರು.

"ಬೇಲಿ ದಾಟೋಕಾಗುತ್ತೇನಯ್ಯ ನನ್ನಿಂದ? ಜನಾನ ರಸ್ತೇಲಿ ಬಿಟ್ಟು ಎಲ್ಲಿಗೆ ಹೋಗ್ಲಿ?"

ಅಷ್ಟು ಹೇಳಿ, ಎಂದಿನ ನಿಧಾನದಲ್ಲೇ ಓಡಿಸಿದರು. ಕಣ್ಣೀರು ಗಡ್ಡಕ್ಕೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಸ್ಟೇರಿಂಗ್‌ನಿಂದ ಕೈ ತೆಗೆಯಲಿಲ್ಲ. ಹಿಂದಿನ ಸೀಟಿನಿಂದ ಯಾರೋ, "ಇವತ್ತಾದ್ರೂ ಊರು ಮುಟ್ಟಿಸ್ತೀರಾ?" ಎಂದು ಕೂಗಿದರು. ನಾನು ಜೀವಮಾನದಲ್ಲಿ ಪ್ರಯಾಣಿಕರಿಗೆ ಕೈ ಎತ್ತಿದವನಲ್ಲ. ಅವತ್ತು ಎತ್ತುವುದೊಂದು ಬಾಕಿ ಇತ್ತು.

ಕೊನೆಯ ನಿಲ್ದಾಣದಿಂದ ಡಿಪೋದ ಜೀಪಿನಲ್ಲಿ ಇಬ್ಬರೂ ಹೋದೆವು. ಅಕ್ಕನನ್ನು ಕೆಳಗೆ ಹಾಲ್‌ನಲ್ಲಿ, ಮಿಷನ್ ಪಕ್ಕ ಮಲಗಿಸಿದ್ದರು. ಡಾಕ್ಟರು ಬಂದು ನೋಡಿದ್ದರು. ವಾರದ ಮೊದಲ ಬೆಳಿಗ್ಗೆ ಚಾದರ ಕಟ್ಟಿ ತಿರುಗುವಾಗ ಕಾಲು ಜಾರಿ ಸೊಂಟದ ಮೂಳೆ ಮುರಿದಿದೆ, ಬಿದ್ದ ಕೂಡಲೇ ಪ್ರಾಣ ಹೋದದ್ದಲ್ಲ, ಒಂದೂವರೆ ಎರಡು ದಿನ ಇದ್ದಿರಬಹುದು ಎಂದರು. ಕೂಗಿರಬಹುದು. ಹೆದ್ದಾರಿಯ ಆ ಸದ್ದಿನಲ್ಲಿ ಎಷ್ಟು ಜೋರಾಗಿ ಕೂಗಬೇಕು ಎಂಬುದು ಕಿವಿ ಕೇಳದವರಿಗೆ ಹೇಗೆ ತಿಳಿಯಬೇಕು? ಸುತ್ತಮುತ್ತಲಿನವರೂ ನಮ್ಮ ಹಾಗೇ. ಬಟ್ಟೆ ಕಂಡಿದ್ದರು, ಅಕ್ಕ ಆರಾಮಾಗಿದ್ದಾರೆ ಅಂದುಕೊಂಡಿದ್ದರು.

ಅಣ್ಣ ತಾರಸಿ ಹತ್ತಿದರು. ಅಕ್ಕ ಬಿದ್ದಿದ್ದ ಜಾಗ ಚಾದರದ ಹಿಂಬದಿಗಿತ್ತು, ರಸ್ತೆಯಿಂದ ಕಾಣುವಂತಿರಲಿಲ್ಲ. ಚಾದರದ ಕೆಳಗಿನ ಮೂಲೆ ಮುದ್ದೆಯಾಗಿ, ಹರಿದಿತ್ತು. ಬಲೆ ಹೆಣೆಯುವವಳು ಸೆರಗು ಬಾಯಿಗೆ ಒತ್ತಿಕೊಂಡು, "ಅದು ಅವರ ಮುಷ್ಟಿಯಲ್ಲಿತ್ತಣ್ಣ. ನಾವೇ ಬಿಡಿಸಿದ್ವಿ" ಎಂದಳು. ಅಕ್ಕ ಚಾದರವನ್ನು ಕೆಳಗೆಳೆಯಲು ನೋಡಿದ್ದರು. ಮೇಲಿನ ಪಟ್ಟಿಗಳು ಒಂದೂ ಬಿಚ್ಚಿರಲಿಲ್ಲ. ಅಣ್ಣ ಒಂದೊಂದೇ ಗಂಟಿಗೆ ಉಗುರು ಹಾಕಿ ಬಿಡಿಸತೊಡಗಿದರು. ಮಳೆಗೆ ನೆನೆದು ಒಣಗಿದ ಗಂಟು, ಸುಲಭಕ್ಕೆ ಬರಲಿಲ್ಲ. ನಾನು ಸಹಾಯಕ್ಕೆ ಹೋದರೆ ಮೊಣಕೈಯಿಂದ ದೂರ ತಳ್ಳಿದರು.

ಆಮೇಲೆ ಅವರು ಹೆದ್ದಾರಿಯ ಬಸ್ಸು ಓಡಿಸಲಿಲ್ಲ. ಊರೊಳಗಿನ ಮಾರ್ಗ ಕೇಳಿ ಪಡೆದರು. ನಾನೂ ಗಜಗಮನ ಎಂಬ ಹೆಸರಿನಿಂದ ಅವರನ್ನು ಕರೆಯುವುದು ಬಿಟ್ಟೆ. ಒಂದು ಮಧ್ಯಾಹ್ನ ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಇಬ್ಬರೇ ಇದ್ದೆವು. ಊಟದ ಡಬ್ಬಿ ಬಿಚ್ಚದೆ ಕೂತಿದ್ದರು. ನಾನು ದೊಡ್ಡ ತಿಳಿವಳಿಕಸ್ಥನ ಹಾಗೆ, "ನಿಮ್ಮ ತಪ್ಪೇನಿದೆ ಅಣ್ಣ, ನಿಮಗೆ ಹೇಗೆ ಗೊತ್ತಾಗಬೇಕು?" ಎಂದೆ.

"ನನಗೆ ಗೊತ್ತಾಗಲಿಲ್ಲ, ಸರಿ" ಎಂದರು. "ಅವಳಿಗೆ ಕಿವಿ ಇರಲಿಲ್ಲ, ಕಣ್ಣಿತ್ತಲ್ಲಯ್ಯ. ಗಾಳಿಗೆ ಬಟ್ಟೆ ಸರಿದಾಗ ರಸ್ತೆ ಕಾಣುತ್ತೆ, ನಾನು ಅಲ್ಲೇ ಮಲಗಿ ನೋಡಿದೀನಿ. ಎರಡನೇ ದಿನ ತಮ್ಮ ಬಂದ ಅಂದ್ಕೊಂಡಿರ್ತಾಳೆ. ನಾನು ಲೈಟ್ ಹಾಕಿದೆ. ಹಾಕಿ, ಜೋರಾಗಿ ಹೋದೆ."